ಬರೆಯುವ ಕೈಗೆ ಒಪ್ಪುವ ಉಪಕರಣ

ಹಿಂದೆ ಮಗನನ್ನು ಕಾಲೇಜಿಗೆ ಸೇರಿಸಿದ ತಂದೆಗೆ ಶುಲ್ಕ, ಪುಸ್ತಕ, ಊಟ-ವಸತಿಗಳ ಚಿಂತೆ ಇರುತ್ತಿತ್ತು. ಆ ಚಿಂತೆಗಳು ಇಂದಿಗೂ ತಪ್ಪಿಲ್ಲ. ಅವುಗಳ ಜೊತೆಗೆ ಹೊಸದೊಂದು ಸೇರಿಕೊಂಡಿದೆ. ಮಗನೋ ಮಗಳೋ ಎಂಜಿನಿಯರಿಂಗ್ ಇಲ್ಲವೆ ಬಿ.ಸಿ.ಎ. ತರಗತಿಗೆ ಸೇರಿ ತಿಂಗಳು ತುಂಬುವುದರೊಳಗೆ ಮನೆಯಲ್ಲಿ ಕಂಪ್ಯೂಟರಿನ ಮಾತು ಏಳುತ್ತದೆ. ಕಂಪ್ಯೂಟರು ಬಂದ ಮೇಲೆ, “ಪ್ರೋಗ್ರಾಮು ಬರೆಯುವುದಕ್ಕೆ ಯಾವ ಎಡಿಟರು ಒಳ್ಳೆಯದು?” ಎಂಬ ಪ್ರಶ್ನೆ ಏಳುತ್ತದೆ. ಮೇಲಿನ ತರಗತಿಯವನೊಬ್ಬ ಒಂದನ್ನು ಹೊಗಳುತ್ತಾನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಮಾವನ ಮಗ ಅದನ್ನು ತೆಗಳಿ ಬೇರೊಂದನ್ನು ಹೇಳುತ್ತಾನೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇವೆರಡೂ ಅಲ್ಲದ ಮೂರನೆಯದೊಂದು ಕಾದಿರುತ್ತದೆ. ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಅದರ ಹಿಂದೆ ಹಣದ ಮಾತೂ ಉಂಟು, ಆತ್ಮವಿಶ್ವಾಸದ ಮಾತೂ ಉಂಟು, ಕನ್ನಡದ ಮಾತೂ ಉಂಟು.

ಎಡಿಟರು ಎಂದರೇನೆಂಬುದನ್ನು ಮೊದಲು ನೋಡಬೇಕು. ಕಂಪ್ಯೂಟರಿಗೆ ಮಾಡಬೇಕಾದ ಕೆಲಸವನ್ನು ಸಾಲು ಸಾಲಾಗಿ ಬರೆದು ಕೊಡುವುದು ಪ್ರೋಗ್ರಾಮು. ಅದನ್ನು ಬರೆಯುವ, ತಿದ್ದುವ, ಉಳಿಸುವ ಹಲಗೆಯೇ ಎಡಿಟರು. ಹಾಗೆ ಬರೆದುದನ್ನು ಯಂತ್ರದ ಭಾಷೆಗೆ ತಿರುಗಿಸುವವನು ಬೇರೆ. ಅವನಿಗೆ ಕಂಪೈಲರ್ ಎಂದು ಹೆಸರು. ಬರೆಯುವ ಹಲಗೆಯೂ ತರ್ಜುಮೆಗಾರನೂ ಬೇರೆ ಬೇರೆ ಎಂಬ ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಅರ್ಧ ಗೊಂದಲ ಕಳೆಯುತ್ತದೆ.

ಹಾಗಾದರೆ ಅರ್ಜಿ, ಲಗ್ನಪತ್ರಿಕೆಗಳನ್ನು ಸಿದ್ಧಪಡಿಸುವ ಪದಸಂಸ್ಕಾರಕದಲ್ಲಿಯೇ ಪ್ರೋಗ್ರಾಮನ್ನೂ ಬರೆಯಬಾರದೇಕೆ ಎಂದು ಹಿರಿಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಅಂಥ ತಂತ್ರಾಂಶಗಳು ಅಕ್ಷರಗಳ ಜೊತೆಗೆ ದಪ್ಪ, ಓರೆ, ಬಣ್ಣ, ಅಂಚು ಮೊದಲಾದ ಅಲಂಕಾರದ ಸೂಚನೆಗಳನ್ನೆಲ್ಲ ಕಡತದೊಳಗೆ ತುಂಬುತ್ತವೆ. ನೇರವಾದ ಉದ್ಧರಣ ಚಿಹ್ನೆಯನ್ನು ಅಂದಕ್ಕಾಗಿ ತಾವಾಗಿಯೇ ಬಾಗಿಸಿಬಿಡುತ್ತವೆ. ಲಗ್ನಪತ್ರಿಕೆಗೆ ಅದು ಶೋಭೆ. ಕಂಪೈಲರಿಗೆ ಅದು ಅಪರಿಚಿತ ಅಕ್ಷರ. ಅದು ತಪ್ಪೆಂದು ಹೇಳಿ ಮುಂದೆ ಸಾಗಲು ನಿರಾಕರಿಸುತ್ತದೆ. ಪ್ರೋಗ್ರಾಮಿಗೆ ಬೇಕಾದುದು ಅಲಂಕಾರವಿಲ್ಲದ ಬರಿಯ ಅಕ್ಷರ. ಆ ಬರಿಯ ಅಕ್ಷರವನ್ನು ಮಾತ್ರ ನಿಷ್ಠೆಯಿಂದ ಕಾಯ್ದುಕೊಡುವುದೇ ಎಡಿಟರಿನ ಮುಖ್ಯ ಧರ್ಮ.

ಇದರ ಚರಿತ್ರೆಯೂ ಸ್ವಾರಸ್ಯವಾಗಿದೆ. 1969ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಎಂಬಾತ ‘ಎಡ್’ ಎಂಬುದನ್ನು ರಚಿಸಿದ. ಆಗ ಬಳಕೆಯಲ್ಲಿದ್ದುದು ಕಾಗದದ ಸುರುಳಿಯ ಮೇಲೆ ಮುದ್ರಿಸುವ ಟೆಲಿಪ್ರಿಂಟರಿನಂಥ ಯಂತ್ರ. ತಿದ್ದಬೇಕಾದ ಸಾಲಿನ ಸಂಖ್ಯೆಯನ್ನು ಹೇಳಿ ಅದೊಂದನ್ನೇ ತಿದ್ದಬೇಕಾಗಿತ್ತು. ಬಳಸುವವನು ತಪ್ಪಿದರೆ ‘ಎಡ್’ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಮುದ್ರಿಸಿ ಸುಮ್ಮನಾಗುತ್ತಿತ್ತು. ಹಳೆಯ ಕಾಲದ ಉಪಾಧ್ಯಾಯರಂತೆ, ತಪ್ಪು ಯಾವುದೆಂದು ಶಿಷ್ಯನೇ ಕಂಡುಕೊಳ್ಳಬೇಕು!

1976ರಲ್ಲಿ, ಬಿಲ್ ಜಾಯ್ ಎಂಬ ವಿದ್ಯಾರ್ಥಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ‘ವಿಐ’ ಎಂಬುದನ್ನು ಬರೆದ. ಇದು ಪರದೆಯ ಮೇಲೆ ಇಡೀ ಪುಟವನ್ನು ತೋರಿಸಿತು. ಅದೇ ವರ್ಷ ಮೆಸಾಚುಸೆಟ್ಸಿನ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ‘ಈಮ್ಯಾಕ್ಸ್’ ಹುಟ್ಟಿತು. ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಅದರ ಹೊಸ ರೂಪವನ್ನು ಎಲ್ಲರೂ ಬಳಸಿ ತಿದ್ದಿ ಹಂಚಬಹುದಾದ ಸ್ವತಂತ್ರ ತಂತ್ರಾಂಶವಾಗಿ ಹೊರತಂದ. ಇವೆರಡರ ಅನುಯಾಯಿಗಳ ನಡುವೆ ಅಂದು ಮೊದಲಾದ ವಾದ ದ್ವೈತಿಗಳ ಮತ್ತು ಅದ್ವೈತಿಗಳ ವಾದದಂತೆ ಇಂದಿಗೂ ಮುಗಿದಿಲ್ಲ. ‘ವಿಐ’ನಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞಾಪಿಸುವ ಸ್ಥಿತಿ ಬೇರೆ. ಇದನ್ನರಿಯದೆ ಒಳಹೊಕ್ಕ ಹೊಸಬನ ಪಾಡು ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿನದು. ಹೊರಬರುವ ದಾರಿ ತಿಳಿಯದು. ಎಸ್ಕೇಪ್ ಕೀಲಿಯನ್ನೊತ್ತಿ, ಕೋಲನ್ ಚಿಹ್ನೆ, ‘ಕ್ಯೂ’ ಅಕ್ಷರ, ಆಶ್ಚರ್ಯಸೂಚಕ ಚಿಹ್ನೆ ಇವನ್ನು ಕ್ರಮವಾಗಿ ಹಾಕಿ ಎಂಟರ್ ಒತ್ತಿದರೆ, ಬರೆದುದನ್ನು ಉಳಿಸದೆ ಪಾರಾಗಬಹುದು. ಇಷ್ಟಾದರೂ ಅದರಲ್ಲಿ ಕೈ ಪಳಗಿದವರ ಬೆರಳುಗಳ ವೇಗವನ್ನು ಕಂಡವರು ಬೆರಗಾಗದೆ ಇರಲಾರರು.

ಆ ‘ವಿಐ’ಯನ್ನು ಸುಧಾರಿಸಿ 1991ರಲ್ಲಿ ‘ವಿಮ್’ ಎಂಬುದನ್ನು ಕೊಟ್ಟವರು ಹಾಲೆಂಡಿನ ಬ್ರಾಮ್ ಮೂಲನಾರ್. ಅವರು ಅದಕ್ಕೆ ಬೆಲೆಯನ್ನು ಕೇಳಲಿಲ್ಲ. ಇಷ್ಟವಾದವರು ಉಗಾಂಡ ದೇಶದ ಅನಾಥ ಮಕ್ಕಳ ನೆರವಿಗೆ ಕೈಲಾದುದನ್ನು ಕೊಡಲಿ ಎಂದು ಮಾತ್ರ ಕೋರಿಕೊಂಡರು. 2023ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಉಪಕರಣ ಉಳಿದಿದೆ, ಅದನ್ನು ಇತರರು ನಡೆಸಿಕೊಂಡು ಬರುತ್ತಿದ್ದಾರೆ.

ಇನ್ನು ನಮ್ಮ ಕಡೆಯ ಸಂಗತಿ. ದೇಶದ ಎಷ್ಟೋ ಕಾಲೇಜುಗಳಲ್ಲಿ ಎರಡು ತಲೆಮಾರಿನ ವಿದ್ಯಾರ್ಥಿಗಳು ಮೊದಲ ಪ್ರೋಗ್ರಾಮನ್ನು ಬರೆದುದು ಒಂದು ನೀಲಿ ಪರದೆಯ ಮೇಲೆ. ಬೋರ್ಲ್ಯಾಂಡ್ ಕಂಪೆನಿ 1987ರಲ್ಲಿ ‘ಟರ್ಬೊ ಸಿ’ಯನ್ನೂ 1990ರಲ್ಲಿ ‘ಟರ್ಬೊ ಸಿ ಪ್ಲಸ್ ಪ್ಲಸ್’ ಎಂಬುದನ್ನೂ ಹೊರಡಿಸಿತು. ಎಡಿಟರು, ಕಂಪೈಲರು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಕೊಟ್ಟುದು ಆ ಕಾಲಕ್ಕೆ ದೊಡ್ಡ ಉಪಕಾರವೇ ಆಗಿತ್ತು. ಆದರೆ ಕಾಲ ಸರಿದರೂ ಆ ನೀಲಿ ಪರದೆ ಹಲವೆಡೆ ಸರಿಯಲಿಲ್ಲ. ಇಂದಿನ ಕಂಪ್ಯೂಟರಿನಲ್ಲಿ ಅದು ನೇರವಾಗಿ ನಡೆಯದೆ, ಹಳೆಯ ಯಂತ್ರದ ಸೋಗು ಹಾಕುವ ಇನ್ನೊಂದು ತಂತ್ರಾಂಶದೊಳಗೆ ಕುಳಿತು ನಡೆಯಬೇಕಾಗುತ್ತದೆ.

ಅದರಿಂದಾಗುವ ತೊಡಕನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1ರಿಂದ ತೊಡಗಿ ಒಂದು ಸಂಖ್ಯೆಯವರೆಗಿನ ಎಲ್ಲ ಸಂಖ್ಯೆಗಳನ್ನೂ ಗುಣಿಸುವ ಪ್ರೋಗ್ರಾಮನ್ನು ಬರೆಯುವುದು ಮೊದಲ ವರ್ಷದ ಪಾಠ. 7ರವರೆಗೆ ಗುಣಿಸಿದರೆ 5040. ನೀಲಿ ಪರದೆ ಸರಿಯಾಗಿಯೇ ಹೇಳುತ್ತದೆ. 8ರವರೆಗೆ ಗುಣಿಸಿದರೆ 40320 ಬರಬೇಕು. ನೀಲಿ ಪರದೆಯಲ್ಲಿ ಬರುವುದು ಋಣ 25216! ಆ ಹಳೆಯ ಕಂಪೈಲರಿನ ಸಾಮಾನ್ಯ ಪೂರ್ಣಾಂಕದ ಡಬ್ಬಿಯಲ್ಲಿ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ತುಂಬಿ ಹರಿದುದು ಋಣದ ಕಡೆಗೆ ತಿರುಗುತ್ತದೆ. ಇಂದಿನ ಕಂಪೈಲರುಗಳಲ್ಲಿ ಅದೇ ಪ್ರೋಗ್ರಾಮು 40320 ಎಂದೇ ಉತ್ತರಿಸುತ್ತದೆ. ಇದು ಎಡಿಟರಿನ ದೋಷವಲ್ಲ. ಆದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕಂಡವನಿಗೆ ದೋಷ ಎಲ್ಲಿಯದೆಂದು ಹೇಗೆ ತಿಳಿಯಬೇಕು? ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು ಆ ಋಣಸಂಖ್ಯೆಯನ್ನು ನೋಡಿ, ತಪ್ಪು ತನ್ನದೇ, ಈ ವಿದ್ಯೆ ತನಗೆ ಹತ್ತುವುದಲ್ಲ ಎಂದು ತೀರ್ಮಾನಿಸಿಕೊಂಡರೆ ಆ ನಷ್ಟವನ್ನು ಯಾರು ತುಂಬಿಕೊಡುವರು? ಉಪಕರಣದ ಆಯ್ಕೆಯಲ್ಲಿ ಆತ್ಮವಿಶ್ವಾಸದ ಮಾತೂ ಉಂಟೆಂದು ಮೊದಲು ಹೇಳಿದ್ದು ಇದೇ ಕಾರಣದಿಂದ.

ಭದ್ರಾವತಿಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. 1923ರಿಂದ ಕಬ್ಬಿಣವನ್ನು ಕೊಟ್ಟ ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದ ತಂದೆ. ಶಿವಮೊಗ್ಗದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಮಗಳು. ಮನೆಯಲ್ಲಿರುವುದು ನೆಂಟರು ಬಳಸಿ ಕೊಟ್ಟ ಲ್ಯಾಪ್‌ಟಾಪು. ಅದರ ಸ್ಮರಣಶಕ್ತಿ ನಾಲ್ಕು ಗಿಗಾಬೈಟು.

“ಅಪ್ಪಾ, ಎಲ್ಲರೂ ಹೇಳುವ ಎಡಿಟರು ಇದರಲ್ಲಿ ತೆವಳುತ್ತದೆ. ಹೊಸ ಲ್ಯಾಪ್‌ಟಾಪ್ ಇಲ್ಲದೆ ಆಗುವುದಿಲ್ಲವಂತೆ.”

“ಆಗುವುದಿಲ್ಲ ಎಂದವರು ಯಾರಮ್ಮಾ? ಕಾರ್ಖಾನೆಗೆ ಸೇರಿದ ಹೊಸತರಲ್ಲಿ ನನಗೆ ಕೊಟ್ಟದ್ದು ಒಂದು ಅರ, ಒಂದು ಅಳತೆಪಟ್ಟಿ. ಕಬ್ಬಿಣದ ತುಂಡನ್ನು ಕೈಯಿಂದಲೇ ಚೌಕ ಮಾಡಿ ತೋರಿಸಿದ ಮೇಲೆ ದೊಡ್ಡ ಯಂತ್ರ. ನಿನ್ನ ಈ ವರ್ಷದ ಕೆಲಸಕ್ಕೆ ಏನು ಬೇಕೋ ಅದನ್ನು ಮೊದಲು ಕೇಳಿಕೊಂಡು ಬಾ.”

ತಂದೆಗೆ ಕಂಪ್ಯೂಟರು ತಿಳಿಯದು. ಆದರೆ ಉಪಕರಣದ ಸ್ವಭಾವ ತಿಳಿದಿದೆ. ಮೈಕ್ರೋಸಾಫ್ಟ್ ಕಂಪೆನಿ 2015ರಲ್ಲಿ ಹೊರತಂದ ‘ವಿಷುಯಲ್ ಸ್ಟುಡಿಯೊ ಕೋಡ್’ ಇಂದು ಎಲ್ಲೆಡೆಯಲ್ಲಿಯೂ ಕೇಳಿಬರುವ ಹೆಸರು. ಅದು ಉಚಿತ, ತಪ್ಪಿದ ಸಾಲನ್ನು ಬರೆಯುತ್ತಿರುವಾಗಲೇ ಗೆರೆಯೆಳೆದು ತೋರಿಸುತ್ತದೆ, ತೆರೆದ ಆವರಣ ಮುಚ್ಚಿಲ್ಲವೆಂದು ಎಚ್ಚರಿಸುತ್ತದೆ. ಆದರೆ ಅದರ ಒಡಲಿನಲ್ಲಿ ಒಂದು ಇಡೀ ಬ್ರೌಸರಿನ ಯಂತ್ರವೇ ಅಡಗಿರುವುದರಿಂದ ಅದು ಸ್ಮರಣಶಕ್ತಿಯನ್ನು ಹೆಚ್ಚಾಗಿ ಬೇಡುತ್ತದೆ. ಯಂತ್ರ ಬಲವಾಗಿದ್ದವರಿಗೆ ಅದು ಒಳ್ಳೆಯ ಸಂಗಾತಿ. ಬಡಯಂತ್ರದವರಿಗೆ ಬೇರೆ ದಾರಿಗಳುಂಟು. 2003ರಲ್ಲಿ ಡಾನ್ ಹೋ ಎಂಬವರು ಬರೆದ ‘ನೋಟ್‌ಪ್ಯಾಡ್ ಪ್ಲಸ್ ಪ್ಲಸ್’ ವಿಂಡೋಸಿನಲ್ಲಿ ಹಗುರವಾಗಿ ನಡೆಯುತ್ತದೆ. 2005ರಲ್ಲಿ ಬಂದ ‘ಜೀನಿ’ ಲಿನಕ್ಸಿನಲ್ಲೂ ವಿಂಡೋಸಿನಲ್ಲೂ ನಡೆಯುತ್ತದೆ. ಒಂದು ಗುಂಡಿಯೊತ್ತಿದರೆ ಕಂಪೈಲರನ್ನೂ ಕರೆಯುತ್ತದೆ. ಪೈಥಾನ್ ಭಾಷೆಯನ್ನು ಕಲಿಯುವವರಿಗೆ ಅದರೊಡನೆಯೇ ‘ಐಡಲ್’ ಎಂಬ ಪುಟ್ಟ ಎಡಿಟರು ಬರುತ್ತದೆ. ಇವು ಯಾವುದಕ್ಕೂ ಒಂದು ಕಾಸೂ ಕೊಡಬೇಕಾಗಿಲ್ಲ. ಮೊದಲ ವರ್ಷದ ಪಾಠಗಳಿಗೆ ಇವು ಧಾರಾಳವಾಗಿ ಸಾಲುತ್ತವೆ. ಮಗಳು ನಡೆಸಲಾರದ ಎಡಿಟರಿಗಾಗಿ ತಂದೆ ಸಾಲ ಮಾಡಬೇಕಾದ ಅಗತ್ಯವಿಲ್ಲ.

ಎಡಿಟರು ಯಾವುದೇ ಆಗಿರಲಿ, ಅದರಿಂದ ಪಡೆಯಬೇಕಾದ ಉಪಯೋಗಗಳು ಕೆಲವು. ಒಂದು ಉದಾಹರಣೆಯನ್ನು ಊರಿನಿಂದಲೇ ತೆಗೆದುಕೊಳ್ಳಬಹುದು. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಗೆ ಸರಿಯಾಗಿ ಬರೆಯುವ ಪದ್ಧತಿ ಜಾರಿಗೆ ಬಂದಿತು. ‘ಶಿಮೊಗ’ ಆಗಿದ್ದುದು ‘ಶಿವಮೊಗ್ಗ’ ಆಯಿತು. ವಿಳಾಸಗಳನ್ನು ಹೊತ್ತ ನೂರು ಕಡತಗಳಲ್ಲಿ ಸಾವಿರ ಕಡೆ ಆ ಹೆಸರಿದ್ದರೆ, ಕೈಯಿಂದ ತಿದ್ದುವವನು ವಾರಗಟ್ಟಲೆ ಕೂರಬೇಕು. ಅಲ್ಲಿಯೂ ನಾಲ್ಕು ಕಡೆ ಕಣ್ಣು ತಪ್ಪಿಯೇ ತಪ್ಪುತ್ತದೆ. ಎಡಿಟರಿನ ಹುಡುಕಿ-ಬದಲಿಸುವ ಸೌಕರ್ಯವನ್ನು ಬಲ್ಲವನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾನೆ. ಹೀಗೆ ಹುಡುಕುವುದು, ಒಮ್ಮೆಗೇ ಬದಲಿಸುವುದು, ಮಾಡಿದುದನ್ನು ಹಿಂದೆಗೆಯುವುದು, ಬೇಕಾದ ಸಾಲಿಗೆ ನೆಗೆಯುವುದು, ಸಾಲುಗಳನ್ನು ಒಳಕ್ಕೆ ಸರಿಸಿ ಒಪ್ಪವಾಗಿ ಜೋಡಿಸುವುದು — ಈ ಐದನ್ನು ಇಲಿಯನ್ನು ಮುಟ್ಟದೆ ಕೀಲಿಮಣೆಯಿಂದಲೇ ಮಾಡಲು ಕಲಿತವನು, ಹತ್ತು ಎಡಿಟರುಗಳನ್ನು ಮೇಲೆ ಮೇಲೆ ರುಚಿ ನೋಡಿದವನಿಗಿಂತ ಮುಂದಿರುತ್ತಾನೆ. ವಾರಕ್ಕೊಂದು ಎಡಿಟರು, ದಿನಕ್ಕೊಂದು ಬಣ್ಣ ಬದಲಿಸುವುದರಲ್ಲಿಯೇ ಸಂಜೆಗಳನ್ನು ಕಳೆಯುವ ಹುಡುಗರೂ ಇದ್ದಾರೆ. ಲೇಖನಿಯನ್ನು ಒರಸುತ್ತ ಕೂತವನಿಂದ ಉತ್ತರಪತ್ರಿಕೆ ತುಂಬುವುದಿಲ್ಲ.

ಈಚಿನ ಮತ್ತೊಂದು ಸಂಗತಿಯನ್ನೂ ಹೇಳಬೇಕು. 2021ರಿಂದ ಈಚೆಗೆ, ಮುಂದಿನ ಸಾಲುಗಳನ್ನು ತಾವೇ ರಚಿಸಿ ಮುಂದಿಡುವ ಯಂತ್ರಬುದ್ಧಿಯ ಸಹಾಯಕರು ಎಡಿಟರುಗಳೊಳಗೆ ಬಂದು ಕುಳಿತಿದ್ದಾರೆ. ಕೆಲಸ ಬಲ್ಲವರಿಗೆ ಅದು ನೆರವು. ಕಲಿಯುತ್ತಿರುವವನಿಗೆ ಅದು ಪಕ್ಕದ ಬೆಂಚಿನಿಂದ ಉತ್ತರ ಪಿಸುಗುಡುವ ಗೆಳೆಯ. ಮೊದಲ ವರ್ಷವಾದರೂ ಅದನ್ನು ನಿಲ್ಲಿಸಿಟ್ಟು, ತಪ್ಪುಗಳನ್ನು ಸ್ವಂತ ಕೈಯಿಂದ ಮಾಡಿ ಸ್ವಂತ ಕಣ್ಣಿನಿಂದ ಹುಡುಕುವುದು ಲೇಸು. ಪರೀಕ್ಷೆಯ ಕೊಠಡಿಯ ಯಂತ್ರದಲ್ಲಿ ಆ ಗೆಳೆಯ ಇರುವುದಿಲ್ಲ.

ಕನ್ನಡಿಗರು ಎಡಿಟರನ್ನು ಆರಿಸುವಾಗ ಇನ್ನೊಂದು ಪರೀಕ್ಷೆಯನ್ನು ಮಾಡಬೇಕು. ಪ್ರೋಗ್ರಾಮಿನ ಭಾಷೆ ಇಂಗ್ಲಿಷಿನ ಅಕ್ಷರಗಳಲ್ಲಿದ್ದರೂ ಪ್ರೋಗ್ರಾಮು ಆಡುವ ಮಾತು ಕನ್ನಡದ್ದಾಗಿರಬಹುದು. ಅಂಗಡಿಯ ಬಿಲ್ಲು, ಶಾಲೆಯ ಅಂಕಪಟ್ಟಿ, ಬಸ್ಸಿನ ಚೀಟಿ ಇವೆಲ್ಲ ಕನ್ನಡದಲ್ಲಿ ಬರಬೇಕಾದರೆ ಯಾರೋ ಒಬ್ಬರು ಎಡಿಟರಿನಲ್ಲಿ ಕನ್ನಡವನ್ನು ಬರೆದಿರಲೇಬೇಕು. ಹೊಸ ಎಡಿಟರನ್ನು ತೆರೆದೊಡನೆ ‘ಶಿವಮೊಗ್ಗ’, ‘ಭದ್ರಾವತಿ’ ಎಂಬ ಎರಡು ಮಾತುಗಳನ್ನು ಬರೆದು ನೋಡಬಹುದು. ಒಂದರಲ್ಲಿ ಗಕಾರಕ್ಕೆ ಗಕಾರದ ಒತ್ತು, ಇನ್ನೊಂದರಲ್ಲಿ ದಕಾರಕ್ಕೆ ರಕಾರದ ಒತ್ತು. ಒತ್ತು ತನ್ನ ಸ್ಥಳದಲ್ಲಿ ಕುಳಿತು, ಅಳಿಸುವಾಗಲೂ ಸರಿಸುವಾಗಲೂ ಅಕ್ಷರಗಳು ಚೆಲ್ಲಾಪಿಲ್ಲಿಯಾಗದಿದ್ದರೆ ಆ ಎಡಿಟರಿಗೆ ಕನ್ನಡ ಬರುತ್ತದೆ. ಪ್ರತಿಯೊಂದು ಅಕ್ಷರಕ್ಕೂ ಒಂದೇ ಅಗಲದ ಮನೆಯನ್ನು ಕಟ್ಟಿಡುವ ಕೆಲವು ಹಳೆಯ ಬಗೆಯ ಪರದೆಗಳಲ್ಲಿ ನಮ್ಮ ಒತ್ತಕ್ಷರಗಳು ಹಿಡಿಸದೆ ಪಕ್ಕದ ಮನೆಗೆ ಚಾಚಿಕೊಳ್ಳುವುದುಂಟು.

ಈ ಎರಡು ಊರುಗಳ ಹೆಸರಿನಲ್ಲಿ ಒಂದು ವಿನೋದವೂ ಅಡಗಿದೆ. ಮಗು ಓದಿದರೆ ಎರಡರಲ್ಲಿಯೂ ನಾಲ್ಕು ನಾಲ್ಕು ಅಕ್ಷರ: ಶಿ-ವ-ಮೊ-ಗ್ಗ, ಭ-ದ್ರಾ-ವ-ತಿ. ಉದ್ದವನ್ನು ಹೇಳೆಂದು ಪೈಥಾನನ್ನು ಕೇಳಿದರೆ ಎರಡಕ್ಕೂ 8 ಎನ್ನುತ್ತದೆ. ಯಂತ್ರವು ವ್ಯಂಜನ, ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಯು.ಟಿ.ಎಫ್.-8 ಎಂಬ ಸಂಕೇತಕ್ರಮದಲ್ಲಿ ಕಡತವನ್ನು ಉಳಿಸಿದರೆ ಒಂದೊಂದಕ್ಕೂ ಮೂರು ಬೈಟು; ಒಟ್ಟಿಗೆ 24. ಮಗುವಿನ ಲೆಕ್ಕವೂ ಸರಿ, ಯಂತ್ರದ ಲೆಕ್ಕವೂ ಸರಿ. ಆದರೆ ಕನ್ನಡದ ಪದ್ಯದ ಅಕ್ಷರಗಳನ್ನು ಎಣಿಸುವ ಪ್ರೋಗ್ರಾಮನ್ನು ಬರೆಯಹೊರಟವನಿಗೆ ಈ ಭೇದ ತಿಳಿದಿರಬೇಕು. ಅದನ್ನು ಪರದೇಶದ ಪಠ್ಯಪುಸ್ತಕ ಹೇಳಿಕೊಡುವುದಿಲ್ಲ. ಕನ್ನಡ ಬಲ್ಲವನೇ ಕಂಡುಕೊಳ್ಳಬೇಕು.

ಕನ್ನಡದ ಈ ಮಾತಿನ ಹಿಂದೆ ಒಂದು ನೋವಿನ ಕಥೆಯೂ ಉಂಟು. ಕಂಪ್ಯೂಟರಿನಲ್ಲಿ ಕನ್ನಡ ಬರತೊಡಗಿದ ಕಾಲದಲ್ಲಿ ಕೆ. ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಬರೆಯುವ ದಾರಿಯನ್ನು ಸುಗಮಗೊಳಿಸಿದರು. ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳು ಮನೆ ಮನೆಗೂ ಕನ್ನಡವನ್ನು ತಂದವು. ಅವುಗಳ ಉಪಕಾರ ಸಣ್ಣದಲ್ಲ. ಆದರೆ ಆ ದಿನಗಳಲ್ಲಿ ಕನ್ನಡಕ್ಕೆ ಸ್ವಂತ ಸಂಕೇತಗಳ ಬಳಕೆ ಇನ್ನೂ ಹಬ್ಬಿರಲಿಲ್ಲವಾದ್ದರಿಂದ, ರೋಮನ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರವನ್ನು ತೊಡಿಸುವ ಅಕ್ಷರವಿನ್ಯಾಸಗಳೇ ಗತಿಯಾಗಿದ್ದವು. ಹಾಗೆ ಬರೆದ ಕಡತವನ್ನು ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಅರ್ಥವಿಲ್ಲದ ರಾಶಿ. ಆ ಕಾಲದ ಎಷ್ಟೋ ಲೇಖನಗಳು, ಪ್ರಬಂಧಗಳು ಇಂದು ಪರಿವರ್ತಕದ ಸಹಾಯವಿಲ್ಲದೆ ಬಾಯಿ ಬಿಡಲಾರವು. 1991ರಿಂದಲೇ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಆ ಕ್ರಮದಲ್ಲಿ ಬರೆದುದನ್ನು ಯಾವ ಯಂತ್ರವಾದರೂ, ಯಾವ ಎಡಿಟರಾದರೂ ಓದುತ್ತದೆ.

ಇದೇ ಮಾತು ಪ್ರೋಗ್ರಾಮಿಗೂ ಸಲ್ಲುತ್ತದೆ. 2014ರಲ್ಲಿ ‘ಆಟಮ್’ ಎಂಬ ಸೊಗಸಾದ ಎಡಿಟರು ಬಂದು ಬಹುಜನರ ಮೆಚ್ಚುಗೆಯನ್ನು ಗಳಿಸಿತು. 2022ರ ಡಿಸೆಂಬರ್ 15ರಂದು ಅದನ್ನು ಹೊರತಂದವರೇ ಅದನ್ನು ನಿಲ್ಲಿಸಿಬಿಟ್ಟರು. ಅದರಲ್ಲಿ ಪಳಗಿದವರಿಗೆ ಬೇಸರವಾದುದು ಸಹಜ. ಆದರೆ ಅದರಲ್ಲಿ ಬರೆದ ಒಂದು ಸಾಲೂ ನಷ್ಟವಾಗಲಿಲ್ಲ. ಬರಿಯ ಅಕ್ಷರದ ಕಡತಗಳಾದ್ದರಿಂದ ಮರುದಿನವೇ ಅವನ್ನು ಬೇರೊಂದು ಎಡಿಟರಿನಲ್ಲಿ ತೆರೆದು ಮುಂದುವರಿಸಬಹುದಾಗಿತ್ತು. ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಅನೇಕ ಕುಟುಂಬಗಳಿಗೆ ಅದು ಭಾರಿಯಾದ ಪೆಟ್ಟು. ಆದರೂ ಅಲ್ಲಿಯ ಕಾಗದದ ಮೇಲೆ ಅಚ್ಚಾದ ಪುಸ್ತಕಗಳನ್ನು ಓದಲು ಇಂದಿಗೂ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಆದುದರಿಂದ ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಇದು ಮನೆಯಲ್ಲಿರುವ ಯಂತ್ರದಲ್ಲಿ ಸರಾಗವಾಗಿ ನಡೆಯುವುದೆ? ಇದರಲ್ಲಿ ಕನ್ನಡ ಕೆಡದೆ ನಿಲ್ಲುವುದೆ? ನಾಳೆ ಇದು ಇಲ್ಲವಾದರೆ ಬರೆದುದೆಲ್ಲ ಕೈಯಲ್ಲಿ ಉಳಿಯುವುದೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಹೆಸರು ಯಾವುದಾದರೇನು? ಅದನ್ನೇ ಹಿಡಿದು ಒಂದು ವರ್ಷ ಬಿಡದೆ ಬರೆಯಲಿ. ಪಕ್ಕದವನು ಇನ್ನೊಂದನ್ನು ಹೊಗಳಿದರೆ ನಕ್ಕು, ಎಂಟರವರೆಗಿನ ಗುಣಾಕಾರದ ಪ್ರೋಗ್ರಾಮನ್ನು ಬರೆದು ತೋರಿಸೆಂದು ಕೇಳಲಿ. ಉತ್ತರ 40320 ಬಂದರೆ ಇಬ್ಬರ ಎಡಿಟರೂ ಒಳ್ಳೆಯದೇ.